ಆಷಾಢದಲ್ಲಿ ನಿಂತ ಕಥೆ

ಪುಸ್ತಕದ ಹೊಲಿಗೆಯನ್ನೂ ಬಿಚ್ಚಬಹುದು ಎಂದು ಸರ್ವಮಂಗಳಳಿಗೆ ಹೊಳೆದದ್ದು ಒಂದು ಬ್ಲೌಸಿನ ತೋಳು ಬಿಚ್ಚುತ್ತಾ ಕುಳಿತಿದ್ದ ಮಧ್ಯಾಹ್ನ.

ಹೊಸದುರ್ಗದ ಸಂತೆ ಮೈದಾನದ ಹಿಂದಿನ ಓಣಿಯಲ್ಲಿ ಅವಳ ಮನೆ. ಮನೆಯ ಪಡಸಾಲೆಯೇ ಹೊಲಿಗೆ ಅಂಗಡಿ. ಒಂದು ಮಷಿನ್, ಬಟ್ಟೆ ಕತ್ತರಿಸುವ ಮೇಜು, ಬಂದವರು ಕೂರಲು ಗೋಡೆಗಂಟಿದ ಉದ್ದನೆಯ ಬೆಂಚು. ಬೆಂಚಿನ ಕೆಳಗೆ, ಮಂಚದ ಕೆಳಗೆ, ಅಡುಗೆಮನೆಯ ಅಟ್ಟದ ಮೇಲೆ ಅವಳೇ ಬರೆದು ಅವಳೇ ಅಚ್ಚು ಹಾಕಿಸಿದ ಕಾದಂಬರಿಯ ಕಟ್ಟುಗಳು. ಬಾಗೂರಿನ ತವರಿನಲ್ಲಿ ಹತ್ತನೇ ತರಗತಿಗೆ ಶಾಲೆ ಬಿಟ್ಟು ಮಷಿನ್ ತುಳಿಯಲು ಕುಳಿತವಳು ಅವಳು. ಬರೆಯುವುದನ್ನು ಮಾತ್ರ ಬಿಟ್ಟಿರಲಿಲ್ಲ. ಮಾತಿನಲ್ಲಿ ಹಿಂಜರಿಯುವ ಹೆಂಗಸು. ಕಾಗದದ ಮೇಲೆ ಮಾತ್ರ ಅವಳಿಗೆ ಹೇಳುವುದು ಬಹಳ ಇತ್ತು.

ಪುಸ್ತಕ ಬಂದ ಹೊಸದರಲ್ಲಿ ಎಲ್ಲರೂ ಮಾಡುವುದನ್ನೇ ಅವಳೂ ಮಾಡಿದಳು. ಸಮುದಾಯ ಭವನದಲ್ಲಿ ಬಿಡುಗಡೆ ಇಟ್ಟುಕೊಂಡಳು. ವೇದಿಕೆಯ ಮೇಲಿದ್ದವರಿಗೆಲ್ಲ ಶಾಲು, ಹಾರ, ಒಂದೊಂದು ಗೌರವ ಪ್ರತಿ. ಮಾತನಾಡಿದವರು ಮಹಿಳೆಯರು ಹೆಚ್ಚು ಬರೆಯಬೇಕು ಅಂದರು. ಅವಳು ಏನು ಬರೆದಿದ್ದಾಳೆ ಎಂದು ಒಬ್ಬರೂ ಹೇಳಲಿಲ್ಲ. ಮದುವೆ ಮನೆಗಳಲ್ಲಿ ಸಿಕ್ಕ ನೆಂಟರು, "ನಮಗೊಂದು ಕೊಡ್ಲೇ ಇಲ್ವಲ್ಲ" ಎಂದು ಮುನಿಸು ತೋರಿಸಿ ಪುಸ್ತಕ ಪಡೆದು, ಅದನ್ನು ಊಟದ ಹಾಲ್‌ನಲ್ಲೇ ಮರೆತು ಹೋದರು. ಕೊಬ್ಬರಿ ಮಂಡಿಯಲ್ಲಿ ಕೆಲಸ ಮಾಡುವ ಗಂಡ ಮುರುಗೇಶ್ ಮುಖಪುಟವನ್ನು ತನ್ನ ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿಕೊಂಡ. ಕೈ ಮುಗಿದ ಚಿತ್ರಗಳು, ಹೂವಿನ ಚಿತ್ರಗಳು ಬೇಕಾದಷ್ಟು ಬಂದವು. ಪುಸ್ತಕ ಕೇಳಿ ಯಾರೂ ಬರಲಿಲ್ಲ.

ಆ ಮಧ್ಯಾಹ್ನ ಬೆಂಚಿನ ಮೇಲೆ ಕುಳಿತಿದ್ದವಳು ದ್ಯಾಮಮ್ಮ. ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಮಾಡುವ ಹೆಂಗಸು. ಬ್ಲೌಸಿನ ತೋಳು ಬಿಗಿಯಾಯಿತೆಂದು ಸಡಿಲ ಮಾಡಿಸಲು ಬಂದಿದ್ದಳು. ಕಾಯುವಾಗ ಓದಲಿ ಎಂದು ಸರ್ವಮಂಗಳ ಒಂದು ಪುಸ್ತಕ ಕೊಟ್ಟಳು. ದ್ಯಾಮಮ್ಮ ಅದನ್ನು ಅಂಗೈ ಮೇಲಿಟ್ಟು ತೂಗಿ ನೋಡಿದಳು.

"ಇಷ್ಟೊಂದ್ ಯಾವಾಗ ಓದಾಣ ತಾಯಿ? ನಂಗೆ ಸೌಟು ಕೆಳಗಿಡಕ್ಕೇ ಪುರುಸೊತ್ತಿಲ್ಲ."

ಪುಸ್ತಕ ವಾಪಸ್ಸು ಬಂತು. ಆದರೆ ಬೆಂಚಿನ ಕೆಳಗೆ ಬೈಂಡಿಂಗ್ ಬಿಟ್ಟುಹೋಗಿದ್ದ ಒಂದು ಪ್ರತಿಯ ಮೊದಲ ಹದಿನಾರು ಪುಟ ಬಿದ್ದಿದ್ದವು. ದ್ಯಾಮಮ್ಮ ಸುಮ್ಮನೆ ಅದನ್ನೆತ್ತಿಕೊಂಡಳು. ತೋಳು ಬಿಚ್ಚಿ, ಮತ್ತೆ ಹೊಲಿದು ಮುಗಿಯುವಷ್ಟರಲ್ಲಿ ಅವಳು ಅದನ್ನು ಓದಿ ಮುಗಿಸಿ, ತಲೆಯೆತ್ತಿ ಕೇಳಿದಳು.

"ಮುಂದಿಂದೆಲ್ಲೈತೆ?"

ಸರ್ವಮಂಗಳ ಆ ಸಂಜೆಯೇ ಬ್ಲೇಡು ಹಿಡಿದು ಕುಳಿತಳು. ಪುಸ್ತಕವನ್ನು ದಾರದಿಂದ ಹೊಲಿದಿದ್ದರು. ಬೆನ್ನಿನ ದಾರ ಕತ್ತರಿಸಿದರೆ ಅದು ಹದಿನಾರು ಪುಟಗಳ ಆರು ತುಂಡಾಗಿ ಬಿಡಿಸಿಕೊಳ್ಳುತ್ತಿತ್ತು. ಆವತ್ತಿನಿಂದ ಅವಳು ಹೊಲಿದುಕೊಟ್ಟ ಪ್ರತಿ ಬ್ಲೌಸಿನ ಮಡಿಕೆಯೊಳಗೆ ಒಂದು ತುಂಡು ಪಿನ್ನು ಚುಚ್ಚಿಕೊಂಡು ಹೋಯಿತು. ಹೆಂಗಸರು ಅದಕ್ಕೆ ಕಂತು ಎಂದು ಹೆಸರಿಟ್ಟರು. ಮೊದಲ ಕಂತು ಓದಿದವರು ಎರಡನೆಯದಕ್ಕಾಗಿ ಪೆಟ್ಟಿಗೆಯಲ್ಲಿ ಮರೆತಿದ್ದ ಬ್ಲೌಸ್ ಪೀಸುಗಳನ್ನು ಹುಡುಕಿ ತಂದರು. ಹೊಳಲ್ಕೆರೆಯಿಂದ ಒಬ್ಬಳು ತಂಗಿಯ ಮದುವೆಯ ಬ್ಲೌಸುಗಳನ್ನೆಲ್ಲ ಇಲ್ಲಿಗೇ ತಂದು ಸುರಿದಳು. ಯಾವ ಪುಸ್ತಕದ ಅಂಗಡಿಯೂ ಮಾಡದ ಕೆಲಸವನ್ನು ಒಂದು ಪಿನ್ನು ಮಾಡಿತ್ತು.

ಚಿತ್ರದುರ್ಗದಲ್ಲಿ ಪುಸ್ತಕ ಅಚ್ಚು ಹಾಕಿಕೊಟ್ಟಿದ್ದ ಪ್ರೆಸ್ಸಿನ ಮಂಜಣ್ಣನಿಗೆ ಫೋನು ಮಾಡಿ ಇದನ್ನು ಹೇಳಿದಾಗ ಅವನು ಸಂತೋಷದಿಂದ ನಕ್ಕ.

"ಅಲ್ಲಮ್ಮ, ನಾನು ಇಷ್ಟ್ ವರ್ಷದಿಂದ ಪ್ರೆಸ್ ನಡೆಸ್ತೀನಿ, ಬರೆಯೋರೆಲ್ಲ ಬಂದು ಹೆಂಗ್ ಮಾರೋದು ಅಂತ ನನ್ನೇ ಕೇಳ್ತಾರೆ. ನೀನು ನಂಗೇ ಹೇಳ್ಕೊಟ್ಟೆ. ಈಗ ಒಂದ್ ಮಾತು ಕೇಳು. ಮುಂದೇನು ಅಂತ ಯಾರಾದ್ರೂ ಕೇಳಿದ್ರೆ ಬಾಯಿ ಬಿಡಬೇಡ. ಹೌದು ಅನ್ನಬೇಡ, ಅಲ್ಲ ಅನ್ನಬೇಡ. ನಕ್ಕು ಸುಮ್ಮನಾಗು. ಮಿಕ್ಕಿದ್ದು ಅವರೇ ಮಾಡ್ತಾರೆ."

ಮಾತು ಕಡಿಮೆಯಿದ್ದ ಸರ್ವಮಂಗಳಳಿಗೆ ಇದು ಸುಲಭದ ಉಪಾಯವಾಗಿ ಕಂಡಿತು.

ಕಥೆ ಮಾರಿಕಣಿವೆ ಅಣೆಕಟ್ಟಿನ ಕೆಳಗಿನ ಒಂದು ಊರಿನ ಸೊಸೆ ಯಮುನಾಳದು. ಮೂರನೇ ಕಂತಿನ ಕೊನೆಯಲ್ಲಿ ಯಮುನಾ ಮನೆಯಲ್ಲಿ ಯಾರಿಗೂ ಹೇಳದೆ ಬಟ್ಟೆಯ ಚೀಲ ಹಿಡಿದು ಮೊದಲ ಬಸ್ಸು ಹತ್ತುತ್ತಾಳೆ. ಬಸ್ಸಿನ ಒಳಗೆ ಒಬ್ಬ ಗಂಡಸು ಎದ್ದು ನಿಂತು ಅವಳ ಕೈಯಿಂದ ಚೀಲ ತೆಗೆದುಕೊಳ್ಳುತ್ತಾನೆ. ಹದಿನಾರು ಪುಟ ಅಲ್ಲಿಗೆ ಮುಗಿಯುತ್ತದೆ. ಅವನು ಯಮುನಾಳ ತಮ್ಮ, ಇಬ್ಬರೂ ಚಿತ್ರದುರ್ಗದ ಆಸ್ಪತ್ರೆಯಲ್ಲಿ ದಿಕ್ಕಿಲ್ಲದೆ ಮಲಗಿರುವ ಚಿಕ್ಕತ್ತೆಯನ್ನು ನೋಡಿಕೊಳ್ಳಲು ಹೋಗುತ್ತಿದ್ದಾರೆ ಎಂಬುದು ನಾಲ್ಕನೇ ಕಂತಿನ ಮೊದಲ ಪುಟದಲ್ಲಿದೆ. ಕಥೆಯನ್ನು ಅಲ್ಲಿ ತುಂಡರಿಸಬೇಕೆಂದು ಸರ್ವಮಂಗಳ ಯೋಚಿಸಿರಲಿಲ್ಲ. ಕಾಗದ ಅಲ್ಲಿ ಮುಗಿದಿತ್ತು, ಅಷ್ಟೇ.

ಮೂರನೇ ಕಂತು ಮದುವೆಯ ಕಾಲದಲ್ಲಿ ಮನೆಮನೆ ಸೇರಿತು. ಒಂದು ದಿನ ಬೆಂಚು ತುಂಬ ಹೆಂಗಸರಿದ್ದಾಗ ದ್ಯಾಮಮ್ಮ ಕೇಳಿದಳು.

"ಲೇ ಸರ್ವಿ, ನಿಜ ಹೇಳು. ಇದು ನಮ್ಮ ಭಾಗ್ಯನ ಕಥೆ ಅಲ್ವಾ?"

ಭಾಗ್ಯ ಅಲ್ಲಿ ಇರಲಿಲ್ಲ. ಪಕ್ಕದ ಬೀದಿಯ ಹಾರ್ಡ್‌ವೇರ್ ಅಂಗಡಿಯ ಕೊಟ್ರೇಶನ ಹೆಂಡತಿ ಅವಳು, ಧರ್ಮಪುರದ ಹುಡುಗಿ. ಬಿಡುವಾದಾಗಲೆಲ್ಲ ಬಂದು ಬೆಂಚಿನ ತುದಿಯಲ್ಲಿ ಕುಳಿತು, ಹೇಳದೆಯೇ ಬ್ಲೌಸುಗಳಿಗೆ ಹುಕ್ಕು ಹಾಕಿಕೊಡುತ್ತಿದ್ದಳು. ಸರ್ವಮಂಗಳ ಗಂಟೆಗಟ್ಟಲೆ ಮಾತಾಡುವುದಿದ್ದರೆ ಅವಳೊಬ್ಬಳ ಜೊತೆ. ಅದು ಊರಿಗೆಲ್ಲ ಗೊತ್ತಿತ್ತು.

ಸರ್ವಮಂಗಳಳಿಗೆ ಮಂಜಣ್ಣನ ಮಾತು ನೆನಪಾಯಿತು. ಬಾಯಲ್ಲಿ ಹಿಡಿದಿದ್ದ ದಾರವನ್ನು ತೆಗೆಯದೆ ನಕ್ಕಳು.

"ನಕ್ಳು ನೋಡ್ರೇ," ಎಂದಳು ದ್ಯಾಮಮ್ಮ. ಬೆಂಚಿನ ಮೇಲಿದ್ದವರು ಒಬ್ಬರ ಮುಖ ಒಬ್ಬರು ನೋಡಿದರು. ಮರುದಿನ ಹಿಂದೆಂದೂ ಬಾರದಿದ್ದ ಹೆಂಗಸರು ಬಟ್ಟೆ ತಂದರು. ಸರ್ವಮಂಗಳ ಹಿಗ್ಗಿದಳು. ಬರೆದದ್ದನ್ನು ಜನ ಓದುತ್ತಿದ್ದಾರೆ ಎಂಬುದು ಬಿಟ್ಟು ಬೇರೇನೂ ಅವಳ ತಲೆಯಲ್ಲಿ ಇರಲಿಲ್ಲ.

ಅಷ್ಟರಲ್ಲಿ ಆಷಾಢ ಬಂತು. ಮದುವೆಯಿಲ್ಲ, ಸೀಮಂತವಿಲ್ಲ, ಹೊಸ ಬಟ್ಟೆ ಹೊಲಿಸುವವರಿಲ್ಲ. ಪ್ರತಿ ವರ್ಷ ಈ ತಿಂಗಳು ಮಷಿನ್ನಿಗೆ ಎಣ್ಣೆ ಬಿಟ್ಟು ಮುಚ್ಚಿಡುವುದೇ ಕೆಲಸ. ಬ್ಲೌಸ್ ಇಲ್ಲದಿದ್ದರೆ ಕಂತೂ ಇಲ್ಲ. ನಾಲ್ಕನೆಯದು ಇನ್ನೂ ಒಬ್ಬರ ಕೈಗೂ ಹೋಗಿರಲಿಲ್ಲ.

"ಒಳ್ಳೇದೇ ಆಯ್ತು, ಕಾಯಲಿ ಬಿಡು," ಎಂದ ಮಂಜಣ್ಣ. "ಶ್ರಾವಣಕ್ಕೆ ನಿಮ್ಮನೆ ಬಾಗಿಲು ಮುರೀತಾರೆ."

ಇಡೀ ಊರಿನ ಕಥೆ ಬಸ್ಸಿನ ಬಾಗಿಲಲ್ಲಿ ನಿಂತುಬಿಟ್ಟಿತು. ಕೆಲಸ ಕಡಿಮೆಯಿರುವ ತಿಂಗಳು. ಮುಂದಿನ ಪುಟ ಸಿಗದವರು ಮುಂದಿನದನ್ನು ತಾವೇ ಕಟ್ಟತೊಡಗಿದರು. ಯಾರೋ ಮೂರನೇ ಕಂತಿನ ಪುಟಗಳನ್ನು ಮೊಬೈಲಿನಲ್ಲಿ ಹಿಡಿದು ಗುಂಪುಗಳಿಗೆ ಕಳಿಸಿದರು. ಅದು ಹಿರಿಯೂರಿನವರೆಗೆ ಹೋಯಿತು.

ಆಷಾಢದ ಎರಡನೇ ವಾರ ಭಾಗ್ಯಳ ತಾಯಿ ಹೊಲದಲ್ಲಿ ಎಡವಿ ಬಿದ್ದು ಸೊಂಟ ಮುರಿದುಕೊಂಡಳು. ಭಾಗ್ಯಳನ್ನು ಕರೆದೊಯ್ಯಲು ಧರ್ಮಪುರದಿಂದ ಅವಳ ಚಿಕ್ಕಪ್ಪನ ಮಗ ಬಂದ. ಬಸ್ ಸ್ಟ್ಯಾಂಡಿನಲ್ಲಿ ಅವಳ ಚೀಲವನ್ನು ಅವನೇ ಹಿಡಿದು ಹತ್ತಿಸಿದ. ಅದನ್ನು ಕಂಡವರಿದ್ದರು.

ಸರ್ವಮಂಗಳಳಿಗೆ ಸುದ್ದಿ ತಂದವಳೂ ದ್ಯಾಮಮ್ಮನೇ. ದನಿ ತಗ್ಗಿಸಿ, ಬೆಂಚಿನಿಂದ ಮುಂದಕ್ಕೆ ಬಾಗಿ ಹೇಳಿದಳು.

"ನೀನು ಬರ್ದಂಗೇ ಆಯ್ತು ಕಣೆ. ಚೀಲ ಅವ್ನೇ ಇಸ್ಕಂಡ್ನಂತೆ. ಅಂಗಡೀಲಿ ಕೊಟ್ರೇಶಪ್ಪಂಗೆ ಯಾರೋ ಕೇಳಿದ್ರಂತೆ, ನಾಲ್ಕನೇ ಕಂತು ಯಾವಾಗ ಬತ್ತೈತೆ ಅಂತ. ಅವನು ಷಟರ್ ಎಳ್ಕಂಡ್ ಮನೆಗೋದ್ನಂತೆ. ಫೋನ್ ಮಾಡಿ, ಸದ್ಯಕ್ಕೆ ನೀನು ಅಲ್ಲೇ ಇರು ಅಂತ ಹೆಂಡ್ತಿಗೆ ಹೇಳ್ಯವ್ನೆ."

ಸರ್ವಮಂಗಳ ಎದ್ದು ನಿಂತಳು. "ದ್ಯಾಮಕ್ಕ, ಅದು ಭಾಗ್ಯ ಅಲ್ಲ. ಬಸ್ಸಲ್ಲಿರೋನು ಯಮುನನ ತಮ್ಮ."

"ಹೌದಾ," ಎಂದಳು ದ್ಯಾಮಮ್ಮ. ನಂಬಿದ ಹೌದಾ ಅಲ್ಲ ಅದು. "ಆವತ್ತು ಕೇಳಿದ್ರೆ ನಕ್ಕೆಯಲ್ಲ."

ಸರ್ವಮಂಗಳ ನಾಲ್ಕನೇ ಕಂತುಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಹೊರಟಳು. ಬ್ಲೌಸ್ ಇಲ್ಲದೆ, ಪಿನ್ನಿಲ್ಲದೆ, ಬಾಗಿಲು ಬಾಗಿಲಿಗೆ ಹೋಗಿ ಕೊಟ್ಟಳು. ಜನ ತೆಗೆದುಕೊಂಡರು. ಆದರೆ ಓದಿದವರು ಹೇಳಿದ್ದು ಒಂದೇ: ಇಷ್ಟೆಲ್ಲ ಆಯ್ತಲ್ಲ, ಅದಕ್ಕೆ ತಮ್ಮ ಅಂತ ಬದಲಾಯಿಸಿ ಬೇರೆ ಅಚ್ಚು ಹಾಕಿಸಿದ್ದಾಳೆ. ಬಿಡಿ ಹಾಳೆಗಳ ಮೇಲೆ ಅವು ಯಾವಾಗ ಅಚ್ಚಾದವು ಎಂದು ಏನು ಸಾಕ್ಷಿ? ಇಡಿಯಾದ ಪುಸ್ತಕ ತೋರಿಸೋಣವೆಂದರೆ ಮನೆಯಲ್ಲಿ ಒಂದೂ ಉಳಿದಿರಲಿಲ್ಲ. ತನಗೆಂದು ಇಟ್ಟುಕೊಂಡಿದ್ದ ಪ್ರತಿಯನ್ನೂ ಅವಳು ಬಿಚ್ಚಿದ್ದಳು. ಗೌರವ ಪ್ರತಿ ಪಡೆದವರು ಎಲ್ಲಿಟ್ಟೆವೋ ನೆನಪಿಲ್ಲ ಅಂದರು.

ಒಂದು ಪ್ರತಿ ಇದೆಯೇ ಎಂದು ಮಂಜಣ್ಣನನ್ನು ಕೇಳಿದಾಗ ಅವನು ಪೂರ್ತಿ ಕೇಳಿಸಿಕೊಳ್ಳಲಿಲ್ಲ.

"ಪ್ರತಿ ಹುಡುಕಾಣ, ಅದಿರ್ಲಿ. ಇಂಥ ಕಾಲ ಮತ್ತೆ ಬರಲ್ಲಮ್ಮ. ಒಂದು ಒಳ್ಳೆ ಮುದ್ರಣ ಹಾಕಾಣ. ಮುಖಪುಟದ ಮೇಲೆ ಅಡ್ಡಕ್ಕೆ ಒಂದು ಪಟ್ಟಿ, 'ನಿಜ ಜೀವನದ ಕಥೆ' ಅಂತ. ನೀನೇನೂ ಸುಳ್ಳು ಹೇಳ್ದಂಗಾಗಲ್ಲ. ಯಾರ ಜೀವನ ಅಂತ ನಾವೆಲ್ಲಿ ಹೇಳಿದ್ವಿ?"

ಅವಳು ಫೋನು ಇಟ್ಟಳು. ಒಂದು ಕ್ಷಣ ಆ ಪಟ್ಟಿಯಿರುವ ಮುಖಪುಟ ಅವಳ ಕಣ್ಣಿಗೆ ಕಟ್ಟಿದ್ದು ನಿಜ. ಅದು ಕಟ್ಟಿತಲ್ಲ ಎಂದು ಅವಳಿಗೆ ತನ್ನ ಮೇಲೇ ಭಯವಾಯಿತು.

ಭಾಗ್ಯ ಫೋನು ಎತ್ತುತ್ತಿರಲಿಲ್ಲ. ಸರ್ವಮಂಗಳ ಹಿರಿಯೂರಿಗೆ ಹೋಗಿ, ಅಲ್ಲಿಂದ ಧರ್ಮಪುರದ ಬಸ್ಸು ಹಿಡಿದಳು. ಕಿಟಕಿಯಾಚೆ ಬಿತ್ತನೆಗೆ ಹದಮಾಡಿದ ಕೆಂಪು ಹೊಲಗಳು, ಮೋಡ ಇದ್ದೂ ಬೀಳದ ಮಳೆ. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಬರೆದಳು, ಹೊಡೆದುಹಾಕಿದಳು, ಮತ್ತೆ ಬರೆದಳು.

ಭಾಗ್ಯ ಕಟ್ಟೆಯ ಮೇಲೆ ಬಿತ್ತನೆಯ ಶೇಂಗಾ ಸುಲಿಯುತ್ತಿದ್ದಳು. ಒಳಗೆ ಮಂಚದ ಮೇಲಿಂದ ತಾಯಿ, "ಯಾರವ್ವ ಬಂದಿರೋದು? ಕುಂತ್ಕಳಕ್ಕೇಳು, ನೀರು ಕೊಡು," ಎಂದು ಕೂಗಿದಳು. ಭಾಗ್ಯ ನೀರು ತಂದಿಟ್ಟು ಮತ್ತೆ ಶೇಂಗಾದ ಮುಂದೆ ಕುಳಿತಳು.

"ಅದು ನೀನಲ್ಲ ಕಣೆ," ಎಂದಳು ಸರ್ವಮಂಗಳ. ಬರೆದುಕೊಂಡಿದ್ದ ಮಾತೆಲ್ಲ ಮರೆತು ಉಳಿದದ್ದು ಇಷ್ಟೇ.

"ನಾನಲ್ಲ ಅಂತ ನಂಗೆ ಗೊತ್ತಿಲ್ವಾ ಅಕ್ಕ? ನಂಗ್ಯಾಕ್ ಹೇಳ್ತೀಯ?" ಭಾಗ್ಯಳ ಬೆರಳು ನಿಲ್ಲಲಿಲ್ಲ. "ಆ ಪುಟಗಳನ್ನ ನನ್ ನಾದಿನೀನೇ ನಂಗೆ ಕಳ್ಸಿದ್ಲು. ಕೆಳಗೆ ಏನೂ ಬರ್ದಿರ್ಲಿಲ್ಲ. ಬರೀ ಪುಟ. ಮೂರು ಸಲ ಓದಿದೆ. ಚೆನ್ನಾಗೈತೆ."

ಸರ್ವಮಂಗಳ ನೀರಿನ ಲೋಟ ಎತ್ತಿಕೊಂಡಳು.

"ಒಂದ್ ಹೇಳು. ನಾನೇನಾ ಅಂತ ದ್ಯಾಮಕ್ಕ ಕೇಳಿದಾಗ ನೀನು ನಕ್ಕೆಯಂತೆ. ಹೌದಾ?"

"ಹೂಂ."

"ಯಾಕೆ ನಕ್ಕೆ?"

ಸರ್ವಮಂಗಳ ಸುಳ್ಳು ಹೇಳಬಹುದಿತ್ತು. ತಮಾಷೆಗೆ ಅನ್ನಬಹುದಿತ್ತು. "ಮುಂದಿನ ಕಂತಿಗೆ ಬರ್ಲಿ ಅಂತ," ಎಂದಳು.

ಭಾಗ್ಯ ಮೊದಲ ಸಲ ಕೈ ನಿಲ್ಲಿಸಿದಳು. ಅಳಲಿಲ್ಲ, ಬೈಯಲಿಲ್ಲ. "ಅಲ್ಲ ಅಂದಿದ್ರೆ ಒಂದೇ ಮಾತು ಅಕ್ಕ," ಎಂದಳು. "ಅಷ್ಟ್ ಜನ ಇದ್ರಂತೆ, ಒಂದೇ ಮಾತಲ್ಲಿ ಮುಗೀತಿತ್ತು." ಆಮೇಲೆ, ತಾಯಿಗೆ ಕೇಳಿಸದಂತೆ, "ನಾನು ನಿನ್ ಮನೆಗೆ ಬರ್ತಿದ್ದಿದ್ದೇ ಮಾತಾಡಕ್ಕೆ. ಇನ್ನೇನ್ ಮಾತಾಡಿದ್ನೋ, ಏನೇನ್ ಬರ್ದಿದ್ದೀಯೋ ಅಂತ ಕೂತ್ಕಂಡು ನೆನಪು ಮಾಡ್ಕಳ್ತಾ ಇದೀನಿ," ಎಂದಳು.

ತಾಯಿ ಒಳಗಿನಿಂದ ಊಟ ಮಾಡಿಕೊಂಡು ಹೋಗೆಂದು ಮತ್ತೆ ಮತ್ತೆ ಕರೆದಳು. ಸರ್ವಮಂಗಳ ಉಂಡಳು. ಬೇಡವೆಂದರೆ ಆ ಮುದುಕಿಗೆ ಕಾರಣ ಹೇಳಬೇಕಾಗುತ್ತಿತ್ತು.

ಊರಿಗೆ ಬಂದವಳು ನೇರ ಭಾಗ್ಯಳ ಗಂಡನ ಮನೆಗೆ ಹೋದಳು. ಹೊರಗೆ ಹಾಕಿಸಿಕೊಳ್ಳಲು ಸಿದ್ಧಳಾಗಿಯೇ ಹೋಗಿದ್ದಳು. ಅತ್ತೆ ಹಾಲಮ್ಮ, "ಕುಂತ್ಕೋ" ಎಂದಳು. ಕೊಟ್ರೇಶ ಗೋಡೆಗೊರಗಿ ಮೊಬೈಲು ನೋಡುತ್ತಿದ್ದ, ತಲೆಯೆತ್ತಲಿಲ್ಲ. ಸರ್ವಮಂಗಳ ನಾಲ್ಕನೇ ಕಂತನ್ನು ಹಾಲಮ್ಮನ ಮುಂದಿಟ್ಟಳು.

"ನಂಗೆ ಓದಕ್ ಬರಲ್ಲ, ತಗಿ ಅದನ್ನ," ಎಂದಳು ಹಾಲಮ್ಮ. "ನಿನ್ನ ಪುಸ್ತಕದಾಗಿನ ಹುಡ್ಗಿ ಯಾರ್ ಸಂಗಡ ಹೋದ್ಲೋ ನಂಗದು ಬ್ಯಾಡ. ನಮ್ಮುಡ್ಗಿ ತಾಯಿ ನೋಡಕ್ಕೆ ಹೋಗ್ಯಾಳೆ. ಬುತ್ತಿ ಕಟ್ಟಿ ಕಳ್ಸಿದ್ದು ನಾನೇ. ನಂಗೆ ಅನುಮಾನ ಇಲ್ಲ."

"ಮತ್ತೆ ಕರ್ಕಂಡ್ ಬರ್ರಿ ಅಮ್ಮ."

ಕೊಟ್ರೇಶ ಆಗ ಬಾಯಿಬಿಟ್ಟ. "ಕರ್ಕಂಡ್ ಬರ್ತೀನಿ. ಬಂದ್ ಮೇಲೆ ಅವ್ಳು ಬೀದೀಲಿ ಹೆಂಗ್ ಓಡಾಡ್ತಾಳೆ? ಮೊಳೆ ತಗಳಕ್ ಬಂದೋರು ಮೊಳೆ ಕೇಳಲ್ಲಕ್ಕ, ನನ್ ಮುಖ ನೋಡ್ತಾರೆ. ಅವ್ಳ ಮುಖ ಇನ್ನೆಷ್ಟ್ ನೋಡಾರು? ಅದಕ್ಕೇ ಇರು ಅಂದಿದ್ದು. ನಾನೇ ಬಿಟ್ಟೆ ಅಂತ ಈಗ ಅದೂ ಒಂದು ಮಾತಾಗೈತೆ."

ಹಾಲಮ್ಮ ಸೆರಗಿನ ತುದಿ ಮಡಚಿದಳು, ಬಿಚ್ಚಿದಳು. "ಪಂಚಮಿ ತವರಲ್ಲಿ ಮುಗಿಸ್ಕಂಡು ಬರ್ಲಿ," ಎಂದಳು. "ಹಬ್ಬಕ್ಕೆ ತವರಿಗೆ ಹೋದ್ಲು, ಹಬ್ಬ ಮಾಡ್ಕಂಡ್ ಬಂದ್ಲು. ಕೇಳ್ದೋರಿಗೆ ಅದನ್ನೇ ಅಂತೀನಿ. ಆದ್ರೆ ಅಷ್ಟ್ರೊಳಗೆ ಈ ಮಾತು ತಣ್ಣಗಾಗಿರ್ಬೇಕು. ಎಬ್ಸಿದೋಳು ನೀನು. ಹೆಂಗ್ ತಣ್ಣಗ್ ಮಾಡ್ತೀಯೋ ನಂಗೊತ್ತಿಲ್ಲ."

ಸರ್ವಮಂಗಳ ಮನೆಗೆ ಬಂದು ಬೆಂಚಿನ ಮೇಲೆ ಕುಳಿತು ಬಹಳ ಹೊತ್ತು ಯೋಚಿಸಿದಳು. ಜನರನ್ನು ನಂಬಿಸಲು ಅವಳಿಂದ ಆಗುವುದಿಲ್ಲ. ಆದರೆ ಅವರನ್ನು ಇಷ್ಟು ದಿನ ಹಿಡಿದಿಟ್ಟದ್ದು ನಂಬಿಕೆಯಲ್ಲ, ಮುಂದೇನು ಎಂಬ ಆಸೆ. ಅದನ್ನು ಕಟ್ಟಿದವಳು ಅವಳೇ. ಅದನ್ನು ಒಡೆಯುವುದು ಅವಳ ಕೈಯಲ್ಲಿತ್ತು.

ಶ್ರಾವಣ ಹತ್ತಿರವಾದಂತೆ ಮಂಜಣ್ಣ ಹೇಳಿದಂತೆಯೇ ಆಯಿತು. ಬೆಂಚಿನಲ್ಲಿ ಜಾಗವಿಲ್ಲದೆ ಹೆಂಗಸರು ಮೆಟ್ಟಿಲ ಮೇಲೆ ಕುಳಿತರು. ಎಲ್ಲರ ಕೈಯಲ್ಲೂ ಬ್ಲೌಸ್ ಪೀಸು. ಹೊಲಿಗೆಗಿಂತ ಹೆಚ್ಚಾಗಿ ಭಾಗ್ಯಳ ಮನೆಯಲ್ಲಿ ಮುಂದೇನಾಯಿತು ಎಂದು ತಿಳಿಯಲು ಬಂದವರು. ಸರ್ವಮಂಗಳ ಟೇಪು ಕೊರಳಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತಳು. ಹತ್ತು ಜನರ ಮುಂದೆ ಅವಳು ಬಾಯಿಬಿಟ್ಟು ಮಾತನಾಡಿದವಳಲ್ಲ. ಪುಸ್ತಕ ಬಿಡುಗಡೆಯ ದಿನ ಕೂಡ ನಮಸ್ಕಾರ ಮಾಡಿ ಕುಳಿತಿದ್ದಳು. ಈಗ ಕಥೆಯನ್ನು ಬಸ್ಸಿನಿಂದ ಹಿಡಿದು ಕೊನೆಯ ಪುಟದವರೆಗೆ ಹೇಳಿದಳು. ಏನನ್ನೂ ಮುಚ್ಚಿಡಲಿಲ್ಲ, ಎಲ್ಲಿಯೂ ನಿಲ್ಲಿಸಿ ಕಾಯಿಸಲಿಲ್ಲ.

"ಭಾಗ್ಯ ಇದ್ರಲ್ಲಿ ಎಲ್ಲೂ ಇಲ್ಲ," ಎಂದಳು ಕೊನೆಗೆ. "ಆವತ್ತು ನಾನು ನಕ್ಕಿದ್ದು ತಪ್ಪು. ನೀವೆಲ್ಲ ಮತ್ತೆ ಬರ್ಲಿ ಅಂತ ನಕ್ಕಿದ್ದು."

ದ್ಯಾಮಮ್ಮ ಕಾಲು ಬದಲಿಸಿ ಕುಳಿತಳು.

"ಹಂಗಾದ್ರೆ ನಿಜ್ವಾಗ್ಲೂ ತಮ್ಮನೇನಾ? ಆಸ್ಪತ್ರೆಗೆ ಹೋಗಿದ್ದಾ? ಅಷ್ಟೇನಾ?"

"ಅಷ್ಟೇ ದ್ಯಾಮಕ್ಕ."

"ಹೋಗತ್ಲಾಗೆ. ನಾನು ಏನೇನೋ ಅಂದ್ಕಂಡಿದ್ದೆ."

ಆಮೇಲೆ ಬಂದವರಿಗೆಲ್ಲ, ಅಳತೆ ತೆಗೆಯುವ ಮುಂಚೆ, ಕೇಳಲಿ ಬಿಡಲಿ, ಅವಳು ಕೊನೆಯನ್ನು ಹೇಳಿದಳು. ನಾಲ್ಕು, ಐದು, ಆರನೇ ಕಂತಿನ ಪುಟಗಳನ್ನೆಲ್ಲ ಮುರುಗೇಶನಿಂದ ಮೊಬೈಲಿನಲ್ಲಿ ಹಿಡಿಸಿ, ಮೂರನೆಯದು ಓಡಾಡಿದ ಗುಂಪುಗಳಿಗೇ ಕಳಿಸಿದಳು. ಬಹಳ ಜನ ತೆರೆದೂ ನೋಡಲಿಲ್ಲ. ಕೊಟ್ಟ ಕಂತುಗಳನ್ನು ಹೆಂಗಸರು ಬೆಂಚಿನ ಮೇಲೇ ಬಿಟ್ಟು ಹೋಗತೊಡಗಿದರು. ಹೊಳಲ್ಕೆರೆಯವಳು ಮತ್ತೆ ಬರಲಿಲ್ಲ. ಮಾತು ತಣ್ಣಗಾಯಿತು. ಜನ ನಂಬಿದರೆಂದಲ್ಲ, ರುಚಿ ಹೋಗಿತ್ತು. ಅದರ ಜೊತೆಗೆ ಪುಸ್ತಕವೂ ತಣ್ಣಗಾಯಿತು. ಸರ್ವಮಂಗಳಳಿಗೆ ಇಷ್ಟವಾದ ಭಾಗವಿದ್ದದ್ದು ಐದನೇ ಕಂತಿನಲ್ಲಿ. ಯಮುನಾ ಚಿಕ್ಕತ್ತೆಯ ತಲೆ ಬಾಚುವ ಪುಟಗಳು. ಅದನ್ನು ಓದಿದೆ ಎಂದು ಹೇಳಿದವರು ಒಬ್ಬರೂ ಸಿಗಲಿಲ್ಲ.

"ಕೈಗೆ ಬಂದಿದ್ದನ್ನ ನೀನೇ ಹಾಳ್ ಮಾಡ್ಕಂಡೆ," ಎಂದ ಮಂಜಣ್ಣ ಫೋನಿನಲ್ಲಿ. ಅವಳು ಹೂಂ ಅಂದಳು.

ಪಂಚಮಿ ಕಳೆದ ಮೇಲೆ ಕೊಟ್ರೇಶ ಹೋಗಿ ಭಾಗ್ಯಳನ್ನು ಕರೆದುಕೊಂಡು ಬಂದ. ಹಬ್ಬದ ಉಂಡೆ ಡಬ್ಬಿಯನ್ನು ಹಾಲಮ್ಮ ಓಣಿಯ ಮನೆಮನೆಗೂ ತಾನೇ ಹಿಡಿದು ಹೋಗಿ, "ಸೊಸೆ ತವರಿಂದ ತಂದ್ಲು" ಎಂದು ಹಂಚಿದಳು. ಸರ್ವಮಂಗಳಳ ಮನೆಗೂ ಎರಡು ಉಂಡೆ ಬಂದವು.

ಅದಾದ ಮೇಲೆ ಒಂದು ದಿನ ಭಾಗ್ಯ ಬಾಗಿಲಿಗೆ ಬಂದಳು. ಸರ್ವಮಂಗಳ ಮಷಿನ್ ನಿಲ್ಲಿಸಿ, ಬೆಂಚಿನ ಮೇಲಿದ್ದ ಬಟ್ಟೆಗಳನ್ನು ಆತುರದಿಂದ ಎತ್ತಿ ಜಾಗ ಮಾಡಿದಳು.

"ಕೂರಲ್ಲಕ್ಕ," ಎಂದಳು ಭಾಗ್ಯ. "ಅಳತೆ ಬ್ಲೌಸ್ ಕೊಡು."

ಸರಿಯಾಗಿ ಕೂರುವ ಒಂದು ಹಳೆಯ ಬ್ಲೌಸನ್ನು ಹೆಂಗಸರು ಅಳತೆಗೆಂದು ಟೇಲರ್ ಬಳಿಯೇ ಬಿಟ್ಟಿರುತ್ತಾರೆ. ಹೊಸದು ಹೊಲಿಸುವಾಗಲೆಲ್ಲ ಅದೇ ಲೆಕ್ಕ. ಅದನ್ನು ವಾಪಸ್ಸು ಕೇಳುವುದೆಂದರೆ ಇನ್ನು ಮುಂದೆ ಬೇರೆ ಕಡೆ ಹೊಲಿಸುತ್ತೇನೆ ಎಂದು ಅರ್ಥ.

"ಅತ್ತೆ ಅಂದ್ರಾ?"

"ಇಲ್ಲ. ಅತ್ತೆ ಏನೂ ಅಂದಿಲ್ಲ. ನಾನೇ." ಭಾಗ್ಯ ಓಣಿಯ ಕಡೆ ನೋಡಿದಳು. "ನೀನು ಎಲ್ರ ಮುಂದೆ ಹೇಳಿದ್ದು ಕೇಳ್ದೆ. ಒಳ್ಳೇದಾಯ್ತು ಅಕ್ಕ. ಆದ್ರೆ ಇಲ್ಲಿ ಕೂತ್ರೆ ನಂಗೆ ಬಾಯಿ ಬರಲ್ಲ ಇನ್ಮೇಲೆ."

ಸರ್ವಮಂಗಳ ಒಳಗಿನ ಕಪಾಟಿನಿಂದ ನೀಲಿ ಬ್ಲೌಸನ್ನು ತೆಗೆದಳು. ಒಂದು ಹುಕ್ಕು ಸಡಿಲವಾಗಿತ್ತು. "ಒಂದ್ ನಿಮಿಷ ಇರು," ಎಂದು ಸೂಜಿಗೆ ದಾರ ಪೋಣಿಸಲು ಹೋದಳು.

"ಬಿಡಕ್ಕ, ನಾನೇ ಹಾಕ್ಕಂತೀನಿ," ಎಂದು ಭಾಗ್ಯ ಕೈ ಚಾಚಿದಳು.